ಗುಬ್ಬಿಗೆ ಸೇರಬೇಕಾದ ಆಶೀರ್ವಾದ

ಭಾನುವಾರ, ಮಾರ್ಚ್ ೯

ಪ್ರೀತಿಯ ಗುಬ್ಬಿ,

ಹೇಗಿದ್ದೀಯಾ? ಅಜ್ಜಿಯನ್ನು ಮಣ್ಣು ಮಾಡಿ ತಿಂಗಳಾಗುತ್ತಾ ಬಂತು, ಅಕ್ಕ ಒಂದು ಸಾಲೂ ಬರೆದಿಲ್ಲವೆಂದು ಮುನಿಸಿಕೊಂಡಿರಬೇಕು. ಕ್ಷಮಿಸು. ಬರೆಯಲು ಕೂತಾಗಲೆಲ್ಲ ತಲೆ ಗೊಂದಲದ ಗೂಡಾಗುತ್ತದೆ. ನಿನಗೆ ಬರಲಾಗಲಿಲ್ಲವೆಂದು ಇಲ್ಲಿ ಯಾರೂ ದೂರುತ್ತಿಲ್ಲ. ನರ್ಸುಗಳಿಗೆ ರಜೆ ಸಿಗುವ ಚಂದ ಎಲ್ಲರಿಗೂ ಗೊತ್ತು.

ಆ ದಿನ ಚರ್ಚು ತುಂಬಿತ್ತು. ಹಾಡುಗಳೆಲ್ಲ ತಾಳಕ್ಕೆ ಸರಿಯಾಗಿ ಮುಗಿದವು. ಹಾಡುತ್ತಾ ಎಲ್ಲರಿಗಿಂತ ಒಂದು ಸಾಲು ಮುಂದೆ ಓಡಲು ಅಜ್ಜಿ ಇರಲಿಲ್ಲವಲ್ಲ! ಆರ್ಗನ್ ನುಡಿಸುವ ಮೇಷ್ಟ್ರು ಹೊರಗೆ ಬಂದು, "ಅವರ ಹಿಂದೆ ಓಡಿ ಓಡಿ ಸಾಕಾಗಿತ್ತಮ್ಮ, ಇವತ್ತು ಕೈಯೇ ಓಡ್ಲಿಲ್ಲ" ಎಂದು ಕಣ್ಣೊರೆಸಿಕೊಂಡರು. ನನಗೆ ಮೊದಲು ನಗು ಬಂತು, ಆಮೇಲೆ ಅಳು. ಈಗಲೂ ಹಾಗೇ. ನಿನ್ನೆ ಗಿರಾಕಿಯ ರವಿಕೆಗೆ ಬಲತೋಳನ್ನು ಎಡಕ್ಕೆ ಹೊಲಿದು, ಬಿಚ್ಚಿ, ಮತ್ತೆ ಎಡಕ್ಕೇ ಹೊಲಿದೆ.

ಅಜ್ಜಿ ದೇವರ ಹತ್ತಿರವೂ ಮನೆಮಗನ ಹತ್ತಿರ ಮಾತಾಡಿದಂತೆಯೇ ಮಾತಾಡುತ್ತಿದ್ದಳು. "ಕರ್ತನೇ, ನಿನ್ನೆನೇ ಹೇಳಿದ್ನಲ್ಲ, ಇನ್ನೂ ಮಾಡ್ಲಿಲ್ವಾ?" ತಾತ ತೀರಿಕೊಂಡ ವಾರವೂ ಅದೇ ಬೆಂಚಿನಲ್ಲಿ ಕೂತು ಗಂಟಲು ಬಿಚ್ಚಿ ಹಾಡಿದಳು. ಭಾನುವಾರ ಆರಾಧನೆ ಮುಗಿಸಿ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು ತಲೆಯ ಮೇಲೆ ಕೈಯಿಡುತ್ತಿದ್ದದ್ದು ನೆನಪಿದೆಯಾ? ಒಬ್ಬರ ಆಶೀರ್ವಾದ ಇನ್ನೊಬ್ಬರ ಕಿವಿಗೆ ಬೀಳಕೂಡದು, ಉಳಿದವರು ಬಾಗಿಲಾಚೆ ನಿಲ್ಲಬೇಕು. ಅಳತೆ ತೆಗೆದು ಹೊಲಿದ ಬಟ್ಟೆಯ ಹಾಗೆ, ಅವರವರದು ಅವರವರಿಗೆ. ನೀನು ಯಾವಾಗಲೂ ನನ್ನನ್ನು ತಳ್ಳಿ ಮೊದಲು ನುಗ್ಗುತ್ತಿದ್ದೆ.

ಕೊನೆಗೆ ಅವಳ ಕಣ್ಣು ಪೂರ್ತಿ ಮಂಜಾಗಿತ್ತು. "ಗುಬ್ಬಿ ಬಂದ್ಲಾ?" ಎಂಬುದೊಂದೇ ಮಾತು. ಕೊನೆಯ ದಿನ ಮಧ್ಯಾಹ್ನ ಚಮಚದಲ್ಲಿ ನೀರು ಕುಡಿಸುತ್ತಿದ್ದೆ. ನನ್ನ ಕೈ ಹಿಡಿದು, "ಗುಬ್ಬೀ, ಬಂದ್ಯಾ?" ಎಂದಳು. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಬಂದೆ ಅಜ್ಜಿ" ಎಂದುಬಿಟ್ಟೆ. ತಲೆಯ ಮೇಲೆ ಕೈಯಿಟ್ಟಳು. "ಕರ್ತನು ನಿನ್ನ ಕೈಗಳನ್ನ ಕಾಯ್ಲಿ. ನೀನು ಮುಟ್ಟಿದ ನೋವು ಇಳೀಲಿ. ದೂರ ಇದ್ದೀನಿ ಅಂತ ಅಳ್ಬೇಡ ಮಗಾ, ಅಲ್ಲೂ ಅವನಿದ್ದಾನೆ." ಇದು ನಿನ್ನದು. ಒಂದಕ್ಷರ ಬಿಡದೆ ಕಳಿಸುತ್ತಿದ್ದೇನೆ.

ಆದರೆ ಕೈ ಇದ್ದದ್ದು ನನ್ನ ತಲೆಯ ಮೇಲೆ. ಹಾಗಾದರೆ ಅದು ಯಾರಿಗೆ ಸೇರಿತು? ಪಾದ್ರಿಗಳನ್ನು ಕೇಳಿದರೆ, "ದೇವರಿಗೆ ವಿಳಾಸ ಗೊತ್ತಿದೆಯಮ್ಮ" ಎಂದರು. ಅಮ್ಮನನ್ನು ಕೇಳಿದರೆ, "ಅರ್ಧರ್ಧ ಹಂಚ್ಕೊಳ್ಳಿ, ಅದಕ್ಕೂ ಜಗಳನಾ?" ಎಂದು ಗದರಿದಳು. ಅಜ್ಜಿಗೆ ಮೋಸ ಮಾಡಿದೆನೋ, ಸಮಾಧಾನ ಕೊಟ್ಟೆನೋ, ನನಗಂತೂ ತಿಳಿಯುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಜ್ಜಿಯ ಹಾಗೆ ಹೇಳಲು ನನಗೆ ಬರುವುದಿಲ್ಲ, ಆದರೂ ದೇವರು ನಿನ್ನ ಜೊತೆಗಿರಲಿ.

ನಿನ್ನ,
ಅಕ್ಕ

ತಾ.ಕ.: ಇದನ್ನು ಮೇಲೆ ಬರೆಯಲು ಆಗಲಿಲ್ಲ. ನಿನ್ನ ಆಶೀರ್ವಾದ ಮುಗಿಸಿ ಅಜ್ಜಿ, "ಸರಿ, ಹೊರಗೆ ಹೋಗು. ಅಕ್ಕನ್ನ ಕಳ್ಸು, ಅವಳಿಗೆ ಹೇಳೋದು ಬಹಳ ಇದೆ" ಎಂದಳು. ನಾನು ಎದ್ದು ಬಾಗಿಲಾಚೆ ಹೋದೆ. ಕಣ್ಣೊರೆಸಿಕೊಂಡೆ. ಬಂದವಳು ನಾನೇ ಎಂದು ತಿಳಿಯಲಿ ಅಂತ ಹೆಜ್ಜೆ ಸದ್ದು ಮಾಡುತ್ತಾ ಒಳಗೆ ಬಂದು, "ಅಜ್ಜೀ, ನಾನು" ಎಂದು ಅವಳ ಕೈ ಎತ್ತಿ ನನ್ನ ತಲೆಯ ಮೇಲಿಟ್ಟುಕೊಂಡೆ. ಕೈ ಜಾರಿ ಹಾಸಿಗೆಯ ಮೇಲೆ ಬಿತ್ತು.

ನನಗೆ ಏನು ಹೇಳೋದಿತ್ತು ಗುಬ್ಬಿ? ಫೋನಿನಲ್ಲಿ ನಿನ್ನ ಹತ್ತಿರ ಯಾವತ್ತಾದರೂ ಏನಾದರೂ ಅಂದಿದ್ದಳಾ?