ಸೋವಾ ಗೆಲ್ಲುತ್ತಿದ್ದನೋ, ಲಾರ್ಯಾ ಗೆಲ್ಲುತ್ತಿದ್ದನೋ

ಬುಕೊಮ್, ಅಕ್ರಾ
೨೭ ಮೇ ೧೯೯೯

ಪ್ರೀತಿಯ ಮಗ ಲಾರ್ಯಾ,

ನಿನ್ನ ಕಾಗದ ಬಂದು ಆರು ವಾರವಾಯಿತು. ತಡಮಾಡಿದ್ದಕ್ಕೆ ಅಮ್ಮನನ್ನು ಬೈದುಕೋ, ಆದರೆ ಬಿಡುವಿರಲಿಲ್ಲ ಎಂದು ಮಾತ್ರ ತಿಳಿಯಬೇಡ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಆ ಹಾಳೆಯಲ್ಲಿ ಗಿರಾಕಿಗಳಿಗೆ ಹುರಿದ ಮೀನು ಕಟ್ಟಿಕೊಟ್ಟೆ. ಇವತ್ತು ಮುಗಿಸಿಯೇ ಏಳಬೇಕೆಂದು ಕೆಂಕೆಯ ಹಂಡೆಯನ್ನು ನಿನ್ನ ತಂಗಿಯ ಕೈಗೆ ಒಪ್ಪಿಸಿ ಬಂದಿದ್ದೇನೆ. ಹುಳಿಹಿಟ್ಟಿನ ಉಂಡೆಗೆ ಮುಸುಕಿನ ಜೋಳದ ಸಿಪ್ಪೆ ಬಿಗಿಯಾಗಿ ಸುತ್ತಲು ಅವಳಿಗೆ ಇನ್ನೂ ಬರುವುದಿಲ್ಲ, ಅರ್ಧ ಬೇಯುವಷ್ಟರಲ್ಲಿ ಬಿಚ್ಚಿಕೊಳ್ಳುತ್ತವೆ. ಗಿರಾಕಿಗಳು ನನ್ನ ಮುಖ ನೋಡಿ ಸುಮ್ಮನೆ ತಿನ್ನುತ್ತಾರೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಅರ್ಧ ನಿಜವಾದೀತು. ತಂಗಿಯ ಮಗುವಿಗೆ ಎರಡು ಹಲ್ಲು ಬಂದಿವೆ. ನನ್ನ ಮಂಡಿ ಮೊದಲಿನಂತೆಯೇ ಹಠ ಮಾಡುತ್ತದೆ. ನಿಮ್ಮಪ್ಪನ ಎಡಗೈಯ ನಡುಕ ಈಗ ಭುಜದವರೆಗೆ ಏರಿದೆ. ಸಾರು ನಾನೇ ಕುಡಿಯುತ್ತೇನೆ ಎನ್ನುತ್ತಾರೆ, ಅರ್ಧವನ್ನು ಅಂಗಿಗೆ ಕುಡಿಸುತ್ತಾರೆ. ನಾನು ಗೊಣಗಿದರೆ ನಗುತ್ತಾರೆ. ಮಾತು ನಿಧಾನವಾಗಿದೆ, ಆದರೆ ಬುದ್ಧಿ ಎಲ್ಲೂ ಹೋಗಿಲ್ಲ.

"ಬಂದರಿನಲ್ಲಿ ಕೆಲಸ ಜಾಸ್ತಿ, ಈ ಸಲವೂ ಹೊಮೊವೊ ಹಬ್ಬಕ್ಕೆ ಬರಲಾಗುವುದಿಲ್ಲ" ಎಂದು ಬರೆದಿದ್ದೀಯ. ಇದು ಮೂರನೇ ವರ್ಷ. ಲೋಕದ ಹಡಗುಗಳೆಲ್ಲ ನಮ್ಮ ಹಬ್ಬದ ವಾರವನ್ನೇ ಕಾದುಕೊಂಡು ನಿನ್ನ ತಕೋರಾಡಿಗೆ ಬರುತ್ತವೆಯೇ? ನೀನು ಯಾಕೆ ಬರುವುದಿಲ್ಲವೆಂದು ನನಗೆ ಗೊತ್ತು. ಹಿತ್ತಲಲ್ಲಿ ಗ್ಲೌಸು ತೊಟ್ಟು ಬಾಕ್ಸಿಂಗ್ ಆಡುವಾಗ ನಿನ್ನ ಗುದ್ದಿಗೆ ಅಪ್ಪ ಬಿದ್ದರು, ಅದಾಗಿ ತಿಂಗಳೊಳಗೆ ಆ ಕೈ ಎಲ್ಲರ ಕಣ್ಣಿಗೆ ಬೀಳುವಂತೆ ನಡುಗಿತು. ಒಂದು ಏಟಿನಿಂದ ಬಂದದ್ದಲ್ಲ, ಇಪ್ಪತ್ತು ವರ್ಷ ತಿಂದ ಏಟುಗಳಿಂದ ಬಂದದ್ದು ಎಂದು ಡಾಕ್ಟರು ಹೇಳಿದ್ದನ್ನು ತಂಗಿಯ ಬಾಯಲ್ಲಿ ಹೇಳಿಸಿದೆ. "ಅಮ್ಮ ಸಮಾಧಾನಕ್ಕೆ ಏನಾದ್ರೂ ಹೇಳ್ತಾಳೆ ಬಿಡು" ಎಂದೆಯಂತೆ. ಗ್ಲೌಸು ಬಿಚ್ಚಿಟ್ಟು ಮೂಟೆ ಹೊರಲು ಹೋದವನು ಆಮೇಲೆ ನಮ್ಮ ಬೀದಿಗೆ ಕಾಲಿಡಲಿಲ್ಲ. ನಿನ್ನ ವಯಸ್ಸಿಗೆ, ಗೆದ್ದು ಸೊಂಟಕ್ಕೆ ಕಟ್ಟಿದ್ದ ಆ ಬೆಲ್ಟಿಗೆ, ಇದು ಒಪ್ಪುವಂಥ ಸಂಗತಿಯೇ?

ಇರಲಿ, ಬೈಯಲು ಕೂತಿಲ್ಲ. ಹೋದ ಶನಿವಾರ ನನ್ನ ಅಂಗಡಿಯ ಬೆಂಚಿನ ಮೇಲೆ ಒಂದು ಸಂಗತಿ ನಡೆಯಿತು, ಅದನ್ನು ನೀನು ನನ್ನ ಬಾಯಿಂದಲೇ ಕೇಳಬೇಕು.

ಈಗ ಇಲ್ಲಿ ಮೌನದ ತಿಂಗಳು. ಹಬ್ಬದ ಜೋಳ ಬಿತ್ತಿದ್ದಾರೆ. ಡೋಲು ಬಡಿಯುವಂತಿಲ್ಲ, ಹಾಡುವಂತಿಲ್ಲ, ಪಂದ್ಯ ಆಡಿಸುವಂತಿಲ್ಲ, ಸತ್ತವರ ಮುಂದೆ ದನಿ ತೆಗೆದು ಅಳುವಂತೆಯೂ ಇಲ್ಲ. ಪಂದ್ಯವಿಲ್ಲದ ಬುಕೊಮಿನ ಗಂಡಸರು ಹೇಗಿರುತ್ತಾರೆಂದು ನಿನಗೆ ಹೇಳಬೇಕಾಗಿಲ್ಲ. ಬೆಳಗಾದರೆ ಎಲ್ಲರೂ ನನ್ನ ಬೆಂಚಿಗೆ ಬಂದು ವಕ್ಕರಿಸುತ್ತಾರೆ. ಯಾವತ್ತೋ ಸತ್ತವನನ್ನೂ ಮೊನ್ನೆ ಮೀಸೆ ಬಂದವನನ್ನೂ ಬಾಯಿಮಾತಿನಲ್ಲೇ ಒಂದೇ ರಿಂಗಿಗೆ ಇಳಿಸಿ ಹೊಡೆದಾಡಿಸುತ್ತಾರೆ. ಒಬ್ಬನು ಒಂದು ರೌಂಡು ಹೇಳಬೇಕು, ಎದುರಿನವನು ಮುಂದಿನ ರೌಂಡು ಹೇಳಬೇಕು. ಕೇಳುವವರು ಯಾರಿಗೆ ರೌಂಡು ಕೊಡುತ್ತಾರೋ ಅವರ ತಟ್ಟೆಗೆ ಒಂದು ಸಿಪ್ಪೆಯ ಚೂರು ಹಾಕಬೇಕು. ಮೌನದ ತಿಂಗಳಲ್ಲವೇ, ಎಲ್ಲವೂ ಪಿಸುಮಾತಿನಲ್ಲೇ ನಡೆಯಬೇಕು. ದನಿ ಎತ್ತಿದವನು ನನ್ನ ಹಂಡೆಗೆ ಎರಡು ಬಕೆಟ್ ನೀರು ತರಬೇಕೆಂದು ನಾನೇ ಕಾನೂನು ಮಾಡಿದ್ದೇನೆ. ದೇವರ ದಯೆ, ಈ ತಿಂಗಳು ನಾನು ನಲ್ಲಿಯ ಮುಖ ನೋಡಿಲ್ಲ.

ಹೆಚ್ಚು ನೀರು ಹೊತ್ತವನು ದರ್ಜಿ ಓಡೋಯ್ ಮಾವ. ಅವನಿಗೆ ಎಪ್ಪತ್ತರ ಇಸವಿಯ ಈಚೆಗೆ ಹುಟ್ಟಿದ ಯಾರೂ ಬಾಕ್ಸರೇ ಅಲ್ಲ. ಅವನಿಗೆ ಎದುರಾಳಿ ನಿನ್ನ ಗೆಳೆಯ ಅಯಿಕ್ವೇ. ಟ್ಯಾಕ್ಸಿಯನ್ನು ನನ್ನ ಒಲೆಯ ಪಕ್ಕ ನಿಲ್ಲಿಸಿ, ಗಿರಾಕಿ ಬಂದರೂ "ಇನ್ನೊಂದ್ ರೌಂಡ್ ಇದೆ, ತಡೀರಿ" ಎನ್ನುತ್ತಾನೆ. ಶನಿವಾರ ಅವರ ಬತ್ತಳಿಕೆಯಲ್ಲಿದ್ದ ಜೋಡಿಗಳೆಲ್ಲ ಖಾಲಿಯಾಗಿದ್ದವು. ಅಪ್ಪ ಎಂದಿನಂತೆ ತೊಡೆಯ ಮೇಲೆ ಬಟ್ಟೆ ಹೊದ್ದು, ಎಡಗೈಯನ್ನು ಅದರಡಿ ಬಚ್ಚಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು.

ಅಯಿಕ್ವೇ ಒಮ್ಮೆಗೇ ಹೇಳಿದ: "ಅಮ್ಮಾ, ಊರಿನ ಹೆಣಗಳನ್ನೆಲ್ಲಾ ಎಬ್ಸಿ ಹೊಡೆದಾಡ್ಸಿದ್ವಿ. ಎದುರಿಗೇ ಕೂತಿರೋರನ್ನ ಮರ್ತೇ ಬಿಟ್ವಲ್ಲ! ಅರವತ್ತೆಂಟನೇ ಇಸ್ವಿ ಸೋವಾ, ತೊಂಬತ್ತಾರನೇ ಇಸ್ವಿ ಲಾರ್ಯಾ. ಅಪ್ಪ, ಮಗ. ಏನಂತೀರಾ?"

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹಿತ್ತಲಿನ ಸಂಗತಿ ನಮ್ಮ ಮನೆಯವರ ಹೊರತು ಯಾರಿಗೂ ಗೊತ್ತಿಲ್ಲವಲ್ಲ. ಆ ದಿನ ವಠಾರವೆಲ್ಲ ತೆಶಿ ಊರಿಗೆ ನಾಮಕರಣಕ್ಕೆ ಹೋಗಿತ್ತು. ನೀನು ಒಳ್ಳೆಯ ಸಂಬಳಕ್ಕೆ ತಕೋರಾಡಿ ಸೇರಿದೆ ಎಂದೇ ಬೀದಿ ನಂಬಿದೆ. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ನಗುತ್ತಾ ಆಗಲಿ ಎಂದು ತಲೆಯಾಡಿಸಿಬಿಟ್ಟರು.

ಓಡೋಯ್ ಮಾವ ಕೂಡಲೇ ಪಟ್ಟು ಹಿಡಿದ: "ಹದಿನೈದು ರೌಂಡು ಮತ್ತೆ. ಹನ್ನೆರಡಂತೆ, ಹನ್ನೆರಡು! ಅದೇನ್ ಬಾಕ್ಸಿಂಗಾ? ನೆಂಟರ ಮನೆಗ್ ಹೋಗಿ ಉಂಡ್ಕೊಂಡ್ ಬಂದಂಗೆ."

"ಆಯ್ತು ಮಾವ, ಹದಿನೈದೇ ಇರ್ಲಿ. ಆದ್ರೆ ತೂಕ ಹಿಂದಿನ ದಿನಾನೇ ತೂಗ್ಬೇಕು. ಆಟದ ದಿನ ಬೆಳಿಗ್ಗೆ ತೂಗ್ಸಿ, ಹಸ್ಕೊಂಡ್ ಹೊಡೆದಾಡೋದು ನಿಮ್ ಕಾಲದ ದಡ್ಡತನ."

"ಹೊಟ್ಟೆ ತುಂಬಿದ್ರೆ ನಿನ್ ಲಾರ್ಯಾ ನಿದ್ದೆ ಮಾಡ್ತಾನೆ ಕಣೋ."

"ಅವ್ನು ನಿದ್ದೆ ಮಾಡಲ್ಲ ಮಾವ, ಮಾಡಿಸ್ತಾನೆ."

ಮೊದಲ ಐದು ರೌಂಡು ಅಪ್ಪನ ತಟ್ಟೆಗೇ ಬಿದ್ದವು. ಓಡೋಯ್ ಮಾವ ಎದ್ದು ನಿಂತು, ಮಾರುದ್ದದ ಆ ಎಡಗೈಯನ್ನು ತೋರಿಸಿಕೊಟ್ಟ. ನೀನು ತಲೆ ತಗ್ಗಿಸಿ ಒಳನುಗ್ಗಲು ನೋಡುವುದು, ಅದು ನಿನ್ನ ಮೂಗಿಗೆ ಬಂದು ತಾಗುವುದು, ಮತ್ತೆ ನುಗ್ಗುವುದು, ಮತ್ತೆ ತಾಗುವುದು. "ಬಾಗಿಲು ಹಾಕಿದ ಮನೆ ಕಣೋ ಅದು. ತಟ್ಟುತ್ತಾ ನಿಂತಿರು" ಎಂದ. ಆರನೇ ರೌಂಡಿನಿಂದ ಅಯಿಕ್ವೇ ನಿನ್ನನ್ನು ಒಳಗೆ ನುಗ್ಗಿಸಿದ. ಪಕ್ಕೆಗೆ, ಮತ್ತೆ ಪಕ್ಕೆಗೆ. "ತಲೆ ಸಿಗ್ದೇ ಇದ್ರೆ ಬೇಡ, ಪಕ್ಕೆ ಎಲ್ಲಿಗ್ ಓಡೋಗತ್ತೆ?" ಎಂದು ತನ್ನ ಹೊಟ್ಟೆಗೇ ಗುದ್ದಿಕೊಂಡು ಕೆಮ್ಮಿದ. ಒಂಬತ್ತು ರೌಂಡು ಮುಗಿದಾಗ ತಟ್ಟೆಗಳಲ್ಲಿ ಐದು, ನಾಲ್ಕು. ಬೀದಿಯ ಹೆಂಗಸರೂ ಬಂದು ನಿಂತಿದ್ದರು. ಇಪ್ಪತ್ತು ಜನ ಪಿಸುಮಾತಿನಲ್ಲಿ ಕಿತ್ತಾಡುವುದನ್ನು ನೀನು ನೋಡಬೇಕಿತ್ತು. ಒಬ್ಬೊಬ್ಬರ ಕತ್ತಿನ ನರವೂ ಹಗ್ಗದಂತೆ ಎದ್ದಿತ್ತು.

ಹತ್ತನೇ ರೌಂಡಿಗೆ ಇಬ್ಬರೂ ಜಗ್ಗದಿದ್ದಾಗ ಓಡೋಯ್ ಮಾವ ಅಪ್ಪನ ಕಡೆ ತಿರುಗಿದ: "ಸೋವಾ, ನೀನೇ ಹೇಳಪ್ಪ. ಯಾರು ಗೆಲ್ತಿದ್ರು?"

ಅಪ್ಪ ಮಾತು ಹೊರಡಿಸಲು ಹೊತ್ತು ತೆಗೆದುಕೊಂಡರು.

"ಅವ್ನೇ ಗೆದ್ದಾಯ್ತಲ್ಲ" ಎಂದರು. "ನಮ್ ಹಿತ್ಲಲ್ಲಿ. ಮೂರು ವರ್ಷ ಆಯ್ತು. ಎರಡನೇ ರೌಂಡು. ಬಲಗೈ, ಇಲ್ಲಿಗೆ." ಗದ್ದದ ಅಂಚನ್ನು ಮುಟ್ಟಿ ತೋರಿಸಿದರು. "ನನ್ ಜನ್ಮದಲ್ಲೇ ಅಂಥ ಏಟು ತಿಂದಿಲ್ಲ ಕಣ್ರೋ. ಎಷ್ಟು ಚೆನ್ನಾಗಿತ್ತು ಅಂದ್ರೆ!"

ಲಾರ್ಯಾ, ಆ ಮುಖವನ್ನು ನಿನಗೆ ಹೇಗೆ ಬರೆದು ತೋರಿಸಲಿ? ನಿನ್ನನ್ನು ಮೊದಲ ಸಲ ಎತ್ತಿಕೊಂಡಾಗ ಇದ್ದ ಮುಖವೇ ಅದು. ಮೂರು ವರ್ಷದಿಂದ ಈ ಮನುಷ್ಯ ಹೇಳಲು ಕಾದಿದ್ದದ್ದು ದೂರಲ್ಲ, ಜಂಬ. ನಾನು, ಕಾನೂನು ಮಾಡಿದ ನಾನೇ, "ಸುಮ್ನಿರ್ತೀರಾ ನೀವು!" ಎಂದು ಬೀದಿ ಕೊನೆಗೆ ಕೇಳುವಂತೆ ಕಿರುಚಿಬಿಟ್ಟೆ. ಯಾರೂ ನನ್ನ ಕಡೆ ತಿರುಗಲೇ ಇಲ್ಲ.

ಬೈಗುಳ ಬೀಳುತ್ತದೆ, ನಿನ್ನ ಹೆಸರಿಗೆ ಮಸಿ ಹತ್ತುತ್ತದೆ ಎಂದು ನಾನು ಅಂಜುತ್ತಿದ್ದರೆ, ಓಡೋಯ್ ಮಾವನ ಕಣ್ಣಲ್ಲಿ ನೀರು. "ಅಂಥಾ ಆಟಾನ ನನ್ನ ಬಿಟ್ಟು ಆಡಿದ್ಯಾ? ನಲ್ವತ್ತು ವರ್ಷದ ಸ್ನೇಹ! ನಿನ್ ಚಡ್ಡಿ ಹೊಲ್ದೋನು ನಾನು! ಗಂಟೆ ಬಾರ್ಸೋಕಾದ್ರೂ ಕರೀಬಾರ್ದಾ?" ಎಂದು ಮುಖ ತಿರುಗಿಸಿ ಕೂತ. ಇನ್ನೊಬ್ಬನಿಗೆ ಗ್ಲೌಸು ಎಷ್ಟು ಔನ್ಸಿನದು ಎಂದು ತಿಳಿಯಬೇಕಿತ್ತು. ಮತ್ತೊಬ್ಬನಿಗೆ ಆಗ ಅಪ್ಪನಿಗೆ ಐವತ್ತಾರಾಗಿತ್ತಲ್ಲ, ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಚಿಂತೆ. ಬರುವುದಿಲ್ಲ, ಅರವತ್ತೆಂಟರ ಸೋವಾನನ್ನು ಇನ್ನೂ ಯಾರೂ ಸೋಲಿಸಿಲ್ಲ ಎಂದು ಕೊನೆಗೆ ತೀರ್ಮಾನವಾಯಿತು. ಇಂಥ ಜನರ ನಡುವೆ ಬದುಕುತ್ತಿದ್ದೇನೆ ನೋಡು.

ಜನ ಕರಗಿದ ಮೇಲೆ ಅಯಿಕ್ವೇ ನನ್ನ ಒಲೆಯ ಬಳಿ ಬಂದು ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ಅವ್ನು ಅದಕ್ಕೇನಾ ಬರ್ತಿಲ್ಲ?"

ನಾನು ಹೌದೆಂದು ತಲೆಯಾಡಿಸಿದೆ.

"ಥೂ, ಪೆದ್ದ. ನಾನು ಸಂಬಳದ ಕೊಬ್ಬು ಅಂದ್ಕೊಂಡು ಮೂರು ವರ್ಷದಿಂದ ಬೈಕೊಂಡ್ ಓಡಾಡ್ತಿದೀನಿ. ಬರ್ಲಿಕ್ಕೆ ಹೇಳಮ್ಮ. ಸ್ಟ್ಯಾಂಡಿಂದ ನಾನೇ ಕರ್ಕೊಂಡ್ ಬರ್ತೀನಿ, ಕಾಸು ಬೇಡ. ಯಾರಾದ್ರೂ ಒಂದ್ ಮಾತು ಆಡ್ಲಿ, ಆಮೇಲೆ ನೋಡ್ಕೊಳ್ಳೋಣ."

ಅಪ್ಪನೂ ನಿನ್ನನ್ನು ಕೇಳುತ್ತಿದ್ದಾರೆ. ಬಾಯಿಬಿಟ್ಟು ಕೇಳುವವರಲ್ಲ. ತಕೋರಾಡಿ ಬಸ್ಸಿಗೆ ಎಷ್ಟು ಹೊತ್ತು ಬೇಕು ಎಂದು ವಾರಕ್ಕೆರಡು ಸಲ ಕೇಳುತ್ತಾರೆ, ನಾನು ಹೇಳಿದ್ದನ್ನು ಮರೆತವರಂತೆ ಮತ್ತೆ ಕೇಳುತ್ತಾರೆ. ಆಗಸ್ಟಿನಲ್ಲಿ ಹಬ್ಬ. ತಾಳೆಹಣ್ಣಿನ ಸಾರನ್ನು ನಿನ್ನ ಪಾಲಿಗೂ ಸೇರಿಸಿಯೇ ಇಡುತ್ತೇನೆ. ಹಬ್ಬದ ಮಾರನೇ ಬೆಳಿಗ್ಗೆ ಮನೆಮನೆಯವರೂ ಒಬ್ಬರನ್ನೊಬ್ಬರು ಹರಸಿ ಮುನಿಸು ತೀರಿಸಿಕೊಳ್ಳುವಾಗ, ಎರಡು ವರ್ಷದಿಂದ ನಿಮ್ಮಪ್ಪ ಬಾಗಿಲಿಗೆ ಮುಖ ಮಾಡಿ ಕೂರುತ್ತಾರೆ. ನನಗೆ ಅದನ್ನು ಮೂರನೇ ಸಲ ನೋಡುವ ಶಕ್ತಿ ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮೂಟೆ ಹೊರುವಾಗ ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು. ದೇವರು ನಿನ್ನ ಬೆನ್ನಿಗಿರಲಿ. ನಿನಗೆ ಆಯುಸ್ಸು ಬರಲಿ, ನಿನ್ನ ಹೆಸರು ನಿನ್ನ ಮಕ್ಕಳ ಬಾಯಲ್ಲಿ ಉಳಿಯಲಿ.

ನಿನ್ನ ಅಮ್ಮ,
ದೇದೇಯ್

ಮತ್ತೆ: ಇಲ್ಲಿಗೆ ಮುಗಿಸಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮೀನು ಕಟ್ಟಿಕೊಟ್ಟ ಆ ಮೂರು ಕಾಗದಗಳೂ ಇಲ್ಲಿಗೇ ಬಂದು ನಿಂತಿದ್ದವು.

ನೀವಿಬ್ಬರೂ ಆಡಿದ ಆ ಬೆಳಿಗ್ಗೆ ನಾನು ಮಾರ್ಕೆಟ್ಟಿಗೆ ಹೋಗಿದ್ದೆ, ವಾಪಸು ಬರುವಾಗ ಸದ್ದು ಕೇಳಿ ಓಡಿಬಂದೆ ಎಂದು ನೀನು ತಿಳಿದಿದ್ದೀಯ. ನಾನು ಹೋಗಿರಲೇ ಇಲ್ಲ. ನೀನು ಹಿತ್ತಲಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಅಪ್ಪ ನನ್ನನ್ನು ಕೋಣೆಗೆ ಕರೆದು "ಕಟ್ಟು" ಎಂದರು. ಎಡಗೈಯನ್ನು ಗ್ಲೌಸಿನೊಳಗೆ ತೂರಿಸಲು ಅವರಿಂದ ಆಗಲಿಲ್ಲ. ಅಷ್ಟು ನಡುಗುತ್ತಿತ್ತು. ನಾನೇ ಮಣಿಕಟ್ಟು ಹಿಡಿದು ತೂರಿಸಿ ದಾರ ಬಿಗಿದೆ. ಆ ನಡುಕ ಶುರುವಾಗಿ ಆಗಲೇ ಎಂಟು ತಿಂಗಳಾಗಿತ್ತು, ಮಗನೇ. ಯಾರಿಗೂ ಹೇಳಬೇಡ ಎಂದಿದ್ದರು, ಹೇಳಿರಲಿಲ್ಲ. ಆ ಕೈ ಏಳುವುದಿಲ್ಲವೆಂದು ನನಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ.

ಬೇಡ ಅಂದಿದ್ದರೆ ನಿಲ್ಲುತ್ತಿದ್ದರು. ನನ್ನ ಮಾತನ್ನು ಅವರು ಯಾವತ್ತೂ ಮೀರಿದವರಲ್ಲ. ನಾನು ಅನ್ನಲಿಲ್ಲ. ಇಪ್ಪತ್ತು ವರ್ಷ ಆ ಬೆಂಚಿನ ಮಾತು ಕೇಳಿ ಕೇಳಿ, ನನ್ನ ಗಂಡ ಹೆಚ್ಚೋ ನನ್ನ ಮಗ ಹೆಚ್ಚೋ ಎಂದು ನನಗೂ ಒಂದು ಸಲ ನೋಡಬೇಕಿತ್ತು. ಮೀನು ಸುಡುವ ಒಲೆಯ ಹಿಂದೆ ನಿಂತು ನೋಡಿದೆ. ಈ ಮಾತು ಹೇಳದೆ ನಿನ್ನನ್ನು ನಂಬಿಸಲಾಗುತ್ತಿರಲಿಲ್ಲ, ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಮೂರು ವರ್ಷ ನಿನ್ನನ್ನು ದೂರ ಇರಲು ಬಿಟ್ಟೆ.

ಬಂದು ಬೇಕಾದರೆ ನನ್ನ ಜೊತೆ ಮಾತು ಬಿಡು, ನಾನು ಏನೂ ಅನ್ನುವುದಿಲ್ಲ. ಅಪ್ಪನ ಪಕ್ಕ ಹೋಗಿ ಕೂತುಕೋ.