ಅಂಚಿನ ಮೇಲಿನ ನಂಬರು

1898, ಮಾರ್ಚ್ 3, ಬೆಳಿಗ್ಗೆ
ಮತ್ತೆ ಅದೇ ಕನಸು. ಬ್ಯಾರಕ್ಕಿನ ಅಂಗಳದಲ್ಲಿ ಹಾಜರಿ ಕೂಗುತ್ತಿದ್ದರು. ನಮ್ಮ ಯಜಮಾನರು ಕುದುರೆ ಹಿಡಿದು ನಿಂತೇ ಇದ್ದರು. ಏಮಸ್ ಬೇಕರ್ ಅಂತ ಯಾರೂ ಕೂಗಲಿಲ್ಲ... ಎದ್ದವಳೇ ಡಬ್ಬಿ ತೆಗೆದು ನೋಡಿದೆ. ಈಜಿಪ್ಟಿನ ಬೆಳ್ಳಿ ಪದಕ, ಕಂಚಿನ ನಕ್ಷತ್ರ, ಎರಡೂ ಇವೆ.
ಲಕ್ವ ಹೊಡೆದು ಇವರ ಬಲಗೈ ಬಿದ್ದು, ಮಾತು ನಿಂತು ಹನ್ನೊಂದು ವಾರ. ಇನ್ನೊಂದು ವಾರ ಅಷ್ಟೇ ಅಂದರು ಡಾಕ್ಟರು. ಇವರಿಗೆ ಭಯ ಒಂದೇ — ದಿಕ್ಕಿಲ್ಲದವರನ್ನೆಲ್ಲ ಒಟ್ಟಿಗೆ ಹೂಳುವ ಬಡವರ ಗುಂಡಿ. ರೆಜಿಮೆಂಟ್ ಒಪ್ಪಿದರೆ ಪೆಟ್ಟಿಗೆ ಹೊರಲು ಆರು ಜನ ಸವಾರರು, ಮಣ್ಣು ಮಾಡುವಾಗ ತುತ್ತೂರಿ.

ಮಾರ್ಚ್ 4
ಬ್ಯಾರಕ್ಕಿಗೆ ಹೋಗಿದ್ದೆ. ಬಿಡುಗಡೆ ಕಾಗದ ಹೊಗೆಗೂಡಿನ ಬೆಂಕಿಯಲ್ಲಿ ಸುಟ್ಟುಹೋಯಿತು ಅಂದೆ. ಸಾರ್ಜೆಂಟ್ ಟಾಲಿ ರಿಜಿಸ್ಟರ್ ತಿರುವಿದರು.
"ಎ. ಬೇಕರ್ ಅನ್ನೋರು ಇಬ್ರಿದಾರಮ್ಮ. ಒಬ್ಬ ಈಜಿಪ್ಟಿಂದ ಬಂದ್ಮೇಲೆ ಓಡಿಹೋದೋನು. ಅಂಥೋನ್ನ ಹೂಳುವಾಗ ತುತ್ತೂರಿ ಊದಕ್ಕಾಗತ್ತಾ? ನಂಬರ್ ಬೇಕು."
ನಕ್ಷತ್ರದ ಮೇಲೆ ಯಾರ ಹೆಸರೂ ಇರುವುದಿಲ್ಲವಂತೆ. ನಂಬರು, ಹೆಸರು ಎಲ್ಲ ಬೆಳ್ಳಿ ಪದಕದ ಅಂಚಿನಲ್ಲಿ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.
"ಯಾರಮ್ಮ ಇದನ್ನ ಹೀಗೆ ಅಕ್ಷರ ಸವೆಯೋ ಹಾಗೆ ತಿಕ್ಕಿದ್ದು?"
ನಾನೇ. ಹದಿನೈದು ವರ್ಷ, ಶನಿವಾರ ಶನಿವಾರ, ಇಟ್ಟಿಗೆ ಪುಡಿ ಹಾಕಿ. ಅಂಚಿನ ಗೀರುಗಳಲ್ಲಿ ಕಪ್ಪು ಕೂತಿರುತ್ತಿತ್ತು. ಕೊಳೆ ಅಂದುಕೊಂಡೆ. ಓದು ಬರುವವಳಾಗಿಯೂ...

ಮಾರ್ಚ್ 6
ಸಿಪಾಯಿ ತನ್ನ ಹೆಂಡತಿ ಹೆಸರು ಮರೆತರೂ ನಂಬರ್ ಮರೆಯಲ್ಲ ಅಂದಿದ್ದರು ಟಾಲಿ. ಕೇಳಿಯೇಬಿಟ್ಟೆ. ಇವರು ಎಡಗೈ ಬೆರಳಿಂದ ಕಂಬಳಿ ಮೇಲೆ ತಟ್ಟಿದರು. ಒಂದು. ಏಳು. ಎರಡು. ಅಷ್ಟಕ್ಕೇ ಸುಸ್ತು. ಸಾರೂ ಕುಡಿಯಲಿಲ್ಲ. ಉಳಿದದ್ದು ನಾಳೆ ಹೇಳಿ ಅಂದೆ.

ಮಾರ್ಚ್ 7
ಬೆಳಗಿನ ಜಾವ ಇವರು ಹೋಗಿಬಿಟ್ಟರು. ಯಾಕಾದರೂ ನಾಳೆ ಅಂದೆನೋ.

ಮಾರ್ಚ್ 9
ಪಕ್ಕದ ಮನೆಯ ಬೆಡೋ ಬಂದು ಇವರ ಮುಖ ತೊಳೆದು ಹೋದಳು. ಹೋಗುವಾಗ, "ತಿಕ್ಕೋ ಕೈ ಸುಮ್ನಿರಲ್ಲ ನೋಡು ನಿಂದು" ಅಂದಳು. ಇವರ ಕೋಟಿನ ಗುಂಡಿ ಉಜ್ಜುತ್ತಿದ್ದೆನಂತೆ.
172 ಅಂತ ಟಾಲಿಗೆ ಹೇಳಿ ಬಂದೆ. ಅವರು ಟೋಪಿ ತೆಗೆದಿಟ್ಟರು. ಇಬ್ಬರೂ ಒಂದೇ ದಿನ ಸೇರಿದವರಂತೆ — 1723, 1728. ಓಡಿಹೋದವನು 1723.
"ಎಂಟೇ ಇರಬೋದಮ್ಮ. ಇರಬೋದು ಅಂತ ಸಹಿ ಹಾಕಕ್ಕಾಗಲ್ಲ."
ಓಡಿಬಂದವರು ಇವರೇ ಆಗಿದ್ದರೆ... ಬೇಡ.

ಮಾರ್ಚ್ 10, ಎಂಟು ಗಂಟೆ
ಹನ್ನೆರಡಕ್ಕೆ ಇವರನ್ನು ಬಡವರ ಗುಂಡಿಗೆ ಒಯ್ಯಲು ಪ್ಯಾರಿಷ್ ಗಾಡಿ ಬರುತ್ತದೆ. ಅದಕ್ಕೂ ಮುಂಚೆ ಇನ್ನೊಂದು ಸಲ ಹೋಗುತ್ತೇನೆ. ಬಾಯಿ ತಡವರಿಸಬಾರದು, ಬರೆದುಕೊಳ್ಳುತ್ತೇನೆ — ಸಾರ್, ಪದಕ ಕಿಟಕಿ ಹತ್ತಿರ ಓರೆಯಾಗಿ ಹಿಡಿದು ಆ ಕೊನೇ ಅಂಕಿ ಒಂದ್ಸಲ ನೋಡಿ. ಎಡಗಡೆ ಮುಚ್ಚಿ ಎಂಟಾಗಿದೆಯಾ, ಇಲ್ಲಾ ತೆರೆದು...