ಮೂರನೆಯ ಕೂಗು

ಮಂಬಾಹಾವ್,
ಈಸ್ಟರ್ ಕಳೆದ ಗುರುವಾರ

ಪ್ರೀತಿಯ ಕೋರಾ ಅಕ್ಕ,

ಸೆಬುವಿನಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ತಡವಾಯಿತೆಂದು ಬೇಸರಿಸಬೇಡ, ಬಲಗೈ ಇಂದಷ್ಟೇ ಪೆನ್ನು ಹಿಡಿಯುತ್ತಿದೆ. ಫೋನಿನಲ್ಲಿ ನೀನು ಕೇಳಿದ್ದು ಒಂದೇ: ನಾನು ಬಿದ್ದು ಕೂಗಿದಾಗ ನನ್ನ ಗಂಡ ಎಲ್ಪಿಡಿಯೊಗೆ ಕೇಳಿಸಿತೋ ಇಲ್ಲವೋ.

ಕೇಳಿಸಿತು.

ಗುಡ್ ಫ್ರೈಡೆಯ ಹರಕೆಗೆ ಹಿಬೊಕ್-ಹಿಬೊಕ್ ಜ್ವಾಲಾಮುಖಿ ಹತ್ತಿದವರು ನಾನು, ಎಲ್ಪಿಡಿಯೊ, ಮೈದುನ ಬರ್ತೊ. "ಬೇಗ ಬನ್ನಿ ಅತ್ತಿಗೆ, ನೀವು ಹತ್ತೋದ್ರೊಳಗೆ ಬೆಟ್ಟ ಇನ್ನೊಂದ್ಸಲ ಸಿಡಿದ್ಬಿಡುತ್ತೆ" ಎಂದು ಬರ್ತೊ ದಾರಿಯುದ್ದಕ್ಕೂ ರೇಗಿಸಿದ. ಮರಗಳಿಗೆಲ್ಲ ಪಾಚಿ ಕಟ್ಟಿದ ಕಡೆ ಮಂಜು ಕವಿಯಿತು. ಅವರಿಬ್ಬರೂ ಮುಂದಿದ್ದರು. ನೆಲವೆಂದು ನಾನು ಕಾಲಿಟ್ಟದ್ದು ಬರೀ ಬೇರು, ಅದರ ಮೇಲಿನ ಪಾಚಿ. ಕೆಳಗೆ ಏನೂ ಇರಲಿಲ್ಲ. ತೋಳು ಬೇರಿಗೆ ಸಿಕ್ಕಿ ಕೊರಕಲಿನ ಮೇಲೆ ನೇತಾಡಿದೆ. ಎರಡು ಸಲ ಕೂಗಿದೆ. ಮೂರನೆಯದಕ್ಕೆ ಉಸಿರಿರಲಿಲ್ಲ.

ಬೆಟ್ಟದಲ್ಲಿ ಕಣ್ಣಿಗೆ ಕಾಣದವರು ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದೆಂದು ಅಮ್ಮ ನಮಗೂ ಕಲಿಸಿದ್ದಳಲ್ಲ. ನಮ್ಮಂತಲ್ಲದವರು, ಬೆಟ್ಟದ ಆ ಅಗೋಚರ ಜೀವಗಳು, ಎರಡೇ ಸಲ ಕರೆಯಬಲ್ಲರು, ಅದೂ ನಮ್ಮವರದೇ ದನಿಯಲ್ಲಿ. "ನಿನ್ನ ದನೀನೇ ಕಣೇ. ಅದಕ್ಕೇ ಹೆದರಿದ್ದು. ಮೂರನೇದಕ್ಕೆ ಕಾದೆ" ಎಂದ ಎಲ್ಪಿಡಿಯೊ ಮನೆಗೆ ಬಂದ ಮೇಲೆ, ಗಂಜಿಯ ಚಮಚವನ್ನು ನನ್ನ ಬಾಯ ಹತ್ತಿರವೇ ಹಿಡಿದು. ಅವನು ಮಾಡಿದ್ದೇ ಸರಿ ಎನ್ನುತ್ತಾರೆ ನೆರೆಯವರು. ನಾನೂ ಹಾಗೆಯೇ ಅಂದೆ. ನಾನಾಗಿದ್ದರೂ ಕಾಯುತ್ತಿದ್ದೆ. ಬರ್ತೊ ಹೇಗೋ ಹಿಂತಿರುಗಿ ಬಂದು ಎಳೆದುಕೊಂಡ. ಆದರೂ ಮಂಚದ ಅಂಚನ್ನು ಬಿಡಲು ನನ್ನ ಬೆರಳುಗಳು ಇನ್ನೂ ಒಪ್ಪುತ್ತಿಲ್ಲ.

ಮಕ್ಕಳಿಗೆ ಮುತ್ತು. ಮೇರಿ ಮಾತೆ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ,
ಲೂಮೆನ್

ಲಕೋಟೆ ಅಂಟಿಸುವ ಮುನ್ನ: ಬರ್ತೊ ಈಗಷ್ಟೇ ಬಾಳೆಹಣ್ಣು ಕೊಟ್ಟು ಹೋದ. "ಅತ್ತಿಗೆ, ಅವತ್ತು ಕಾಡಲ್ಲಿ ಯಾರೋ 'ಸೀಗಡೀ' ಅಂತ ಕೂಗಿದ್ರು. ಬೆಟ್ಟದ ಮೇಲೆ ಯಾರಪ್ಪ ಸೀಗಡಿ ಮಾರೋರು ಅಂತ ನಗು ಬಂತು. ನಿಮಗೂ ಕೇಳಿಸ್ತಾ ಅಂತ ತಿರುಗಿ ನೋಡಿದ್ರೆ ನೀವೇ ಇಲ್ಲ! ಯಾರನ್ನ ಕರೀತಿರೋದು ಅಂತ ಅಣ್ಣನ್ನ ಕೇಳ್ದೆ. ನಂಗೇನು ಗೊತ್ತು, ನಡಿ ಅಂದ."

ಮುದುಡಿ ಮಲಗುತ್ತಾನೆಂದು ಎಲ್ಪಿಡಿಯೊಗೆ ನಾನಿಟ್ಟ ಹೆಸರು ಅದು. ಕೋಣೆಯ ಬಾಗಿಲು ಹಾಕಿದ ಮೇಲಷ್ಟೇ ಕರೆಯುತ್ತೇನೆ. ಕೊರಕಲಿನ ಮೇಲೆ ನೇತಾಡುವಾಗ ಬಾಯಿಗೆ ಬಂದದ್ದೂ ಅದೇ. ನಿನಗೇ ಗೊತ್ತಿರಲಿಲ್ಲ, ಅಕ್ಕ. ಬೆಟ್ಟದವರಿಗೆ ಹೇಗೆ ಗೊತ್ತಿರುತ್ತದೆ?